ಅಜ್ಜನ ಅಣ್ಣ ಮತ್ತು ಇಂಟರ್ನೆಟ್

ನಿಮ್ಮ ಅಜ್ಜಿಯ ತಾಯಿಯ ಹೆಸರೇನು? ಈ ಪ್ರಶ್ನೆಯನ್ನು ನಾನು ಎಂಟನೆಯ ತರಗತಿಯ ಹೆಣ್ಣು ಮಕ್ಕಳಲ್ಲಿ ಕೇಳಿದ್ದೆ. ಮೂವರು ಮಾತ್ರ ಉತ್ತರಿಸಿದರು. ಅಜ್ಜನ ತಂದೆಯ ಹೆಸರು ಕೇಳಿದಾಗ ಕೈಗಳು ಸ್ವಲ್ಪ ಹೆಚ್ಚು ಮೇಲೆದ್ದವು, ಏಕೆಂದರೆ ಅದು ಜಾಗದ ಪತ್ರದಲ್ಲಿರುತ್ತದೆ. ಹೆಂಗಸರ ಹೆಸರು ಪತ್ರದಲ್ಲಿ ಇಲ್ಲದಿದ್ದರೆ ಎರಡು ತಲೆಮಾರಿಗೆ ಅಳಿಸಿ ಹೋಗುತ್ತದೆ. ನಮ್ಮ ಕರಾವಳಿಯ ಹಳೆಯ ಖಬರಸ್ತಾನಗಳಲ್ಲಿ ತಲೆಗೊಂದು ಕಾಲಿಗೊಂದು ಕಲ್ಲು ಇರುತ್ತದೆಯೇ ಹೊರತು ಹೆಚ್ಚಿನವುಗಳ ಮೇಲೆ ಹೆಸರು ಇರುವುದಿಲ್ಲ.

ಕುಟುಂಬ ಸಂಬಂಧವನ್ನು ಜೋಡಿಸಿಕೊಳ್ಳಲು ಬೇಕಾಗುವಷ್ಟು ವಂಶದ ವಿವರವನ್ನು ಕಲಿತುಕೊಳ್ಳಿ ಎಂಬ ಆಶಯದ ಪ್ರವಾದಿ(ಸ)ರ ಮಾತು ತಿರ್ಮಿದಿಯಲ್ಲಿದೆ. 'ಬೇಕಾಗುವಷ್ಟು' ಎಂಬುದನ್ನು ಗಮನಿಸಬೇಕು. ಹೆಮ್ಮೆ ಪಡಲಿಕ್ಕೆ ವಂಶ ಹುಡುಕುವುದು ಬೇರೆ, ಸಂಬಂಧಿಕರನ್ನು ಗುರುತಿಸಿ ಅವರ ಹಕ್ಕು ಸಲ್ಲಿಸಲಿಕ್ಕೆ ಹುಡುಕುವುದು ಬೇರೆ. ಎರಡನೆಯದರ ಅಗತ್ಯ ನಮ್ಮ ಮನೆಗೆ ಹೇಗೆ ಬಂತು ಮತ್ತು ಅದಕ್ಕೆ ಇಂಟರ್ನೆಟ್ ಎಷ್ಟು ಸಹಾಯ ಮಾಡಿತು ಎಂಬುದನ್ನು ಇಲ್ಲಿ ಹೇಳುತ್ತೇನೆ.

ನನ್ನ ಉಮ್ಮನ ತಂದೆಗೆ ಒಬ್ಬ ಅಣ್ಣನಿದ್ದರು. ನಾವು ಅವರನ್ನು ದೊಡ್ಡಜ್ಜ ಎನ್ನುತ್ತೇವೆ, ನೋಡಿದವರು ಯಾರೂ ಈಗ ಬದುಕಿಲ್ಲ. ಬೊಂಬಾಯಿಗೆ ಹೋಗಿ ಬ್ರಿಟಿಷರ ಸರಕು ಹಡಗಿನಲ್ಲಿ ಕಲ್ಲಿದ್ದಲು ಹಾಕುವ ಕೆಲಸಕ್ಕೆ ಸೇರಿದ್ದರು. ಎರಡನೆಯ ಮಹಾಯುದ್ಧ ನಡೆಯುತ್ತಿದ್ದ ಕಾಲ. 1942ರಲ್ಲಿ ಒಂದು ಕಾಗದ ಬಂತು, ಆಮೇಲೆ ಏನೂ ಬರಲಿಲ್ಲ. ಊರಿನಲ್ಲಿ ಪತ್ನಿ ಮತ್ತು ಎರಡು ವರ್ಷದ ಒಬ್ಬಳೇ ಮಗಳು. ಆ ಮಗಳು ಈಗ ಎಂಬತ್ತೈದು ದಾಟಿದ ನಮ್ಮ ದೊಡ್ಡಮ್ಮ.

ದೊಡ್ಡಜ್ಜನ ತಂದೆ, ಅಂದರೆ ನಮ್ಮ ಮುತ್ತಜ್ಜ, ತೀರಿಕೊಂಡಾಗ ಅವರ ಮೂಲಗೇಣಿ ಜಾಗ ಅಜ್ಜನಿಗೂ ಅವರ ತಂಗಿಯರಿಗೂ ಹೋಯಿತು. ದೊಡ್ಡಮ್ಮನಿಗೆ ಏನೂ ಸಿಗಲಿಲ್ಲ. ಮಗ ತಂದೆಗಿಂತ ಮೊದಲೇ ತೀರಿಕೊಂಡಿದ್ದರೆ ಮತ್ತು ಇನ್ನೊಬ್ಬ ಮಗ ಬದುಕಿದ್ದರೆ, ಮೊಮ್ಮಗಳಿಗೆ ಅಜ್ಜನ ಆಸ್ತಿಯಲ್ಲಿ ವಾರಸು ಪಾಲಿಲ್ಲ. ಇದು ಫರಾಇಝ್ ಕಲಿತವರಿಗೆ ಗೊತ್ತಿರುವ ವಿಷಯ. ಆದರೆ ಮಗ ತಂದೆಯ ನಂತರ, ಒಂದೇ ದಿನ ತಡವಾಗಿ ತೀರಿಕೊಂಡಿದ್ದರೂ ಲೆಕ್ಕವೇ ಬದಲಾಗುತ್ತದೆ. ಆಗ ಮಗನ ಪಾಲು ಮೊದಲು ಅವನಿಗೆ ಬರುತ್ತದೆ. ಅಲ್ಲಿಂದ ಅವನ ಪತ್ನಿಗೆ ಎಂಟನೆಯ ಒಂದು, ಒಬ್ಬಳೇ ಮಗಳಿಗೆ ಅರ್ಧ, ಉಳಿದದ್ದು ಮಿಕ್ಕ ವಾರಸುದಾರರಿಗೆ. ದೊಡ್ಡಮ್ಮನ ಇಡೀ ಬಾಲ್ಯ ಮಾವಂದಿರ ಮನೆಯ ಹಿತ್ತಿಲಲ್ಲಿ ಬೀಡಿ ಕಟ್ಟುತ್ತಾ ಕಳೆಯಿತು. ಒಂದು ದಿನಾಂಕದ ಬೆಲೆ ಇಷ್ಟಿದೆ.

ಹಾಗಾದರೆ ದೊಡ್ಡಜ್ಜ ಮೊದಲು ತೀರಿಕೊಂಡರು ಎಂದು ಹೇಳಿದವರು ಯಾರು? ಹದೀಸ್ ಕಲಿಯುವಾಗ ನಮಗೆ ಉಸ್ತಾದರು ಮೊದಲು ಕೇಳುವುದೇ ಸನದ್. ಯಾರಿಂದ ಕೇಳಿದೆ, ಅವರು ಯಾರಿಂದ ಕೇಳಿದರು? ಮನೆಯ ಕಥೆಗಳಿಗೂ ಅದೇ ತಕ್ಕಡಿ ಹಿಡಿದೆ. ಉಮ್ಮ ಅಜ್ಜಿಯಿಂದ ಕೇಳಿದ್ದು. ಅಜ್ಜಿ ಮದುವೆಯಾಗಿ ಬಂದದ್ದೇ ಯುದ್ಧ ಮುಗಿದ ಮೇಲೆ, ಆದ್ದರಿಂದ ಅವರೂ ಇನ್ನೊಬ್ಬರಿಂದ ಕೇಳಿದ್ದು. ಹಿರಿಯ ಮಾವ, "ಅವರು ಟಿಲಾವಾ ಹಡಗಿನಲ್ಲಿ ಮುಳುಗಿದ್ದು, ಎಲ್ಲರಿಗೂ ಗೊತ್ತುಂಟಲ್ಲ" ಎಂದರು. ಯಾರು ಹೇಳಿದ್ದೆಂದು ಕೇಳಿದರೆ ಹಡಗಿನ ಕೆಲಸದಲ್ಲಿದ್ದ ನೆರೆಮನೆಯವರೊಬ್ಬರ ಹೆಸರು ಬಂತು. ಅವರು ಕೆಲಸಕ್ಕೆ ಸೇರಿದ್ದು ಸ್ವಾತಂತ್ರ್ಯ ಬಂದ ನಂತರ. ಸರಪಳಿ ಅಲ್ಲಿಗೆ ತುಂಡಾಯಿತು.

ಟಿಲಾವಾದ ಬಗ್ಗೆ ಇಂಟರ್ನೆಟ್ಟಿನಲ್ಲಿ ಸಾಕಷ್ಟು ಸಿಗುತ್ತದೆ. ಬ್ರಿಟಿಷ್ ಇಂಡಿಯಾ ಕಂಪೆನಿಯ ಈ ಹಡಗು 1942ರ ನವೆಂಬರಿನಲ್ಲಿ ಬೊಂಬಾಯಿಯಿಂದ ಆಫ್ರಿಕಾದ ಪೂರ್ವ ತೀರಕ್ಕೆ ಹೊರಟಿತ್ತು. ನವೆಂಬರ್ 23ರಂದು ಜಪಾನಿನ ಜಲಾಂತರ್ಗಾಮಿಯ ಟಾರ್ಪೆಡೊ ತಾಗಿ ಮುಳುಗಿತು. ಹಡಗಿನಲ್ಲಿದ್ದ 958 ಮಂದಿಯಲ್ಲಿ 280 ಮಂದಿ ತೀರಿಕೊಂಡರು. ಎಂಬತ್ತು ವರ್ಷ ತುಂಬಿದಾಗ, 2022ರಲ್ಲಿ, ಮುಂಬೈಯಲ್ಲಿ ಅವರ ನೆನಪಿನ ಸಭೆ ನಡೆಯಿತು. ಸತ್ತವರ ಮತ್ತು ಬದುಕಿ ಬಂದವರ ಕುಟುಂಬದವರು ಸೇರಿ ಒಂದು ಜಾಲತಾಣವನ್ನೇ ನಡೆಸುತ್ತಿದ್ದಾರೆ. ಆದರೆ ಅದು ಜನರನ್ನು ಒಯ್ಯುತ್ತಿದ್ದ ಹಡಗು. ನಮ್ಮ ಮನೆಯಲ್ಲಿರುವ ಏಕೈಕ ಕಾಗದದಲ್ಲಿ ದೊಡ್ಡಜ್ಜ ಸರಕು ಹೇರುವ ವಿಷಯ ಬರೆದಿದ್ದಾರೆ. ಕರಾವಳಿಯ ನೂರಾರು ನಾವಿಕರು ನೂರಾರು ಹಡಗುಗಳಲ್ಲಿದ್ದರು. ಹೆಸರು ಪ್ರಸಿದ್ಧವಾದ ಹಡಗಿಗೆ ಊರಿನವರು ತಮ್ಮವರನ್ನೆಲ್ಲ ಹತ್ತಿಸಿಬಿಡುತ್ತಾರೆ ಎಂದು ನನಗನಿಸುತ್ತದೆ.

ನಿಜವಾಗಿ ಪ್ರಯೋಜನಕ್ಕೆ ಬಂದದ್ದು ಕಾಮನ್‌ವೆಲ್ತ್ ವಾರ್ ಗ್ರೇವ್ಸ್ ಕಮಿಷನ್ ಎಂಬ ಸಂಸ್ಥೆಯ ಜಾಲತಾಣ. 1917ರಲ್ಲಿ ಸ್ಥಾಪನೆಯಾದ ಈ ಸಂಸ್ಥೆ ಎರಡು ಮಹಾಯುದ್ಧಗಳಲ್ಲಿ ಬ್ರಿಟಿಷ್ ಸಾಮ್ರಾಜ್ಯದ ಪರವಾಗಿ ಮಡಿದ ಸುಮಾರು 17 ಲಕ್ಷ ಮಂದಿಯ ಸಮಾಧಿ ಮತ್ತು ಸ್ಮಾರಕಗಳನ್ನು ನೋಡಿಕೊಳ್ಳುತ್ತದೆ. ಹೆಸರುಗಳ ಪಟ್ಟಿ 1998ರಿಂದ ಇಂಟರ್ನೆಟ್ಟಿನಲ್ಲಿದೆ. ಹಣ ಕೊಡಬೇಕಾಗಿಲ್ಲ. ಸೈನಿಕರು ಮಾತ್ರ ಅಲ್ಲ, ಸರಕು ಹಡಗಿನ ನಾವಿಕರೂ ಇದರಲ್ಲಿದ್ದಾರೆ. ಎರಡನೆಯ ಯುದ್ಧದಲ್ಲಿ ಕಡಲಲ್ಲೇ ಕಾಣೆಯಾದ, ಮಣ್ಣು ಸಿಗದ ಇಲ್ಲಿಯ ನಾವಿಕರ ಹೆಸರುಗಳನ್ನು ಎರಡು ದೊಡ್ಡ ಪುಸ್ತಕಗಳಲ್ಲಿ ಬರೆದಿಡಲಾಗಿದೆ. ಒಂದು ಪ್ರತಿ ಮುಂಬೈಯಲ್ಲಿ, ಇನ್ನೊಂದು ಈಗಿನ ಬಾಂಗ್ಲಾದೇಶದ ಚಿತ್ತಗಾಂಗ್‌ನಲ್ಲಿ. ಆರು ಸಾವಿರಕ್ಕೂ ಹೆಚ್ಚು ಹೆಸರುಗಳು! ಸಾರಂಗ, ತಂಡೇಲ, ಭಂಡಾರಿ, ಬೆಂಕಿಯ ಕೆಲಸದವ, ಎಣ್ಣೆ ಹಾಕುವವ ಎಂದು ಪ್ರತಿಯೊಬ್ಬರ ಕೆಲಸ, ಹಡಗಿನ ಹೆಸರು, ತೀರಿಕೊಂಡ ದಿನ ಇದೆ. ಕೆಲವರ ವಯಸ್ಸು, ತಂದೆಯ ಹೆಸರು, ಪತ್ನಿಯ ಹೆಸರು, ಊರು ಕೂಡ ಇದೆ. ಓದುತ್ತಾ ಹೋದಂತೆ ಇಶಾ ನಮಾಝ್‌ನ ಸಮಯವಾದದ್ದು ಗೊತ್ತಾಗಲಿಲ್ಲ. ಹದಿನಾರು ಹದಿನೇಳು ವರ್ಷದ ಹುಡುಗರೂ ಇದ್ದಾರೆ.

ತೊಂದರೆ ಇರುವುದು ಹೆಸರಿನಲ್ಲಿ. ದೊಡ್ಡಜ್ಜನದ್ದು ಪ್ರತಿ ಮೊಹಲ್ಲಾದಲ್ಲಿ ಹತ್ತು ಮಂದಿಗಿರುವ ಹೆಸರು. ನೀವು ಹುಡುಕುವುದಾದರೆ ಇದನ್ನು ನೆನಪಿಡಿ. ನಾವು ಮನೆಯಲ್ಲಿ ಕರೆಯುವ ಹೆಸರು ಒಂದು, ಅಖೀಖಾ ಮಾಡಿ ಇಟ್ಟದ್ದು ಇನ್ನೊಂದು, ಬಂದರಿನ ಗುಮಾಸ್ತ ತನ್ನ ಕಿವಿಗೆ ಬಿದ್ದಂತೆ ಬರೆದದ್ದು ಮೂರನೆಯದು. ಇಬ್ರಾಹಿಂ ಎಂಬುದನ್ನು ಇಂಗ್ಲಿಷಿನ ಐ ಅಕ್ಷರದಿಂದಲೂ ಇ ಅಕ್ಷರದಿಂದಲೂ ಬರೆಯುತ್ತಿದ್ದರು. ಮುಹಮ್ಮದ್ ಎಂಬುದು ಮೊಹಮೆದ್, ಮಹೊಮೆದ್, ಮಹಮದ್ ಆಗುತ್ತದೆ. ಮುಹ್ಯುದ್ದೀನ್ ಎಂಬುದು ಮೊಯ್ದೀನ್, ಮೊಹಿದೀನ್, ಮೈದೀನ್. ಇಡೀ ಹೆಸರು ಹಾಕಿ ಸಿಗದಿದ್ದರೆ ಮೊದಲ ಮೂರು ನಾಲ್ಕು ಅಕ್ಷರ ಮಾತ್ರ ಹಾಕಿ ಹುಡುಕಬೇಕು. ನಾನು ಒಂದು ನೋಟ್ ಪುಸ್ತಕದಲ್ಲಿ ಇಪ್ಪತ್ತಮೂರು ರೀತಿಯ ಕಾಗುಣಿತ ಬರೆದುಕೊಂಡು, ಹುಡುಕಿದ್ದಕ್ಕೆಲ್ಲ ಗೆರೆ ಹೊಡೆಯುತ್ತಾ ಹೋದೆ. ಇದು ಬೇಸರದ ಕೆಲಸ. ಅಕ್ಕಿ ಆರಿಸಿದ ಹಾಗೆ.

ವಯಸ್ಸು ಮತ್ತು ಕೆಲಸ ಹೊಂದದವರನ್ನು ಬಿಟ್ಟ ಮೇಲೆ ಇಬ್ಬರು ಉಳಿದರು. ಒಬ್ಬರು 1942ರ ಕೊನೆಯಲ್ಲಿ ತೀರಿಕೊಂಡವರು, ಮತ್ತೊಬ್ಬರು 1943ರ ಕೊನೆಯಲ್ಲಿ. ಇಬ್ಬರಿಗೂ ತಂದೆಯ ಹೆಸರಿಲ್ಲ, ಊರಿಲ್ಲ.

ಇನ್ನು ಮುತ್ತಜ್ಜನ ದಿನಾಂಕ. ಅದು ಮನೆಯಲ್ಲೇ ಇತ್ತು. ಅಜ್ಜನ ಹಳೆಯ ಕಿತಾಬಿನ ಕೊನೆಯ ಪುಟದಲ್ಲಿ ಅರಬಿ ಲಿಪಿಯಲ್ಲಿ ಹುಟ್ಟು ಸಾವುಗಳನ್ನು ಬರೆದಿಡುವ ರೂಢಿ ಹಿಂದಿನವರಿಗಿತ್ತು. ಮುತ್ತಜ್ಜ ತೀರಿಕೊಂಡದ್ದು ಹಿಜರಿ 1362ರ ರಜಬ್ ತಿಂಗಳಲ್ಲಿ. ಹಿಜರಿಯನ್ನು ಇಂಗ್ಲಿಷ್ ತಾರೀಕಿಗೆ ಬದಲಾಯಿಸಿ ಕೊಡುವ ಜಾಲತಾಣಗಳು ಬೇಕಾದಷ್ಟಿವೆ. ಅವು ಗಣಿತದ ಲೆಕ್ಕ ಹಾಕುತ್ತವೆ, ನಮ್ಮವರು ಚಂದ್ರದರ್ಶನದ ಲೆಕ್ಕ ಇಟ್ಟಿದ್ದರು. ಆದ್ದರಿಂದ ಒಂದೆರಡು ದಿನ ಆಚೀಚೆಯಾಗುತ್ತದೆ. ನಮಗೆ ಸಿಕ್ಕಿದ್ದು 1943ರ ಜುಲೈ. ಈಗ ನೋಡಿ: ಮೊದಲನೆಯವರು ನಮ್ಮ ದೊಡ್ಡಜ್ಜನಾಗಿದ್ದರೆ ಹಂಚಿಕೆ ಸರಿ. ಎರಡನೆಯವರಾಗಿದ್ದರೆ ದೊಡ್ಡಮ್ಮನಿಗೆ ಪಾಲು ಸಲ್ಲಬೇಕಿತ್ತು. ಇಬ್ಬರೂ ಅಲ್ಲದಿರಲೂ ಸಾಧ್ಯ. ಹಡಗಿನಲ್ಲಿ ಸಾಮಾನ್ಯ ಕಾಯಿಲೆಯಿಂದ ತೀರಿಕೊಂಡವರೆಲ್ಲ ಆ ಪಟ್ಟಿಯಲ್ಲಿರುವುದಿಲ್ಲ.

ಕಿರಿಯ ಮಾವ ಇದನ್ನು ಕೇಳಿ, "ಮತ್ತೆ ನಿನ್ನ ಕಂಪ್ಯೂಟರಿನಿಂದ ಏನು ಸಿಕ್ಕಿದ ಹಾಗಾಯಿತು ಮಗಳೇ?" ಎಂದರು. ನಾನು ಹೇಳಿದ್ದು ಇಷ್ಟೆ. ಕಾಣೆಯಾದವನ ವಿಷಯದಲ್ಲಿ ಫಿಖ್ಹ್‌ನ ಗ್ರಂಥಗಳಲ್ಲಿ ಪ್ರತ್ಯೇಕ ಅಧ್ಯಾಯವೇ ಇದೆ. ಅವನನ್ನು ಮಫ್ಖೂದ್ ಎನ್ನುತ್ತಾರೆ. ಸಾವು ಖಚಿತವಾಗದೆ ಅವನನ್ನು ಸತ್ತವನೆಂದು ಎಣಿಸಿ ಆಸ್ತಿ ಮುಗಿಸಿಬಿಡುವ ಹಾಗಿಲ್ಲ. ವಿಷಯ ಸ್ಪಷ್ಟವಾಗುವ ತನಕ ಅವನ ಪಾಲನ್ನು ಎತ್ತಿಡಬೇಕು. ನಮ್ಮಲ್ಲಿ ಎತ್ತಿಡಲಿಲ್ಲ. ಖಚಿತವೆಂದು ಎಂಬತ್ತು ವರ್ಷ ಹೇಳಿಕೊಂಡು ಬಂದದ್ದಕ್ಕೆ ಸನದೇ ಇಲ್ಲ ಎಂಬುದಾದರೂ ಈಗ ಗೊತ್ತಾಯಿತು. ಮಾವ ಸುಮ್ಮನಾದರು. ಅವರು ಕೆಟ್ಟವರಲ್ಲ. ತಂದೆ ಹಂಚಿದ್ದನ್ನು ಪ್ರಶ್ನಿಸುವುದು ಯಾವ ಮಗನಿಗೂ ಸುಲಭವಲ್ಲ.

ದೊಡ್ಡಜ್ಜಿಯ ವಿಷಯವನ್ನೂ ಇಲ್ಲಿ ಹೇಳಬೇಕು. ಅವರು ಇಪ್ಪತ್ತನಾಲ್ಕನೆಯ ವಯಸ್ಸಿನಿಂದ ಸಾಯುವ ತನಕ ಗಂಡನ ಸುದ್ದಿಗೆ ಕಾದರು. ಇದ್ದತ್ ಕೂಡ ಕೂರಲಿಲ್ಲ, ಕೂರಲು ಯಾರೂ ಹೇಳಲಿಲ್ಲ. ಗಂಡ ನಾಲ್ಕು ವರ್ಷ ಎಲ್ಲಿದ್ದಾನೆಂದು ತಿಳಿಯದಿದ್ದರೆ ಮುಸ್ಲಿಮ್ ಸ್ತ್ರೀ ವಿವಾಹ ರದ್ದತಿಯನ್ನು ಕೋರಬಹುದೆಂದು 1939ರ ಕಾನೂನು ಹೇಳುತ್ತದೆ. ಅದು ಆ ಕಾನೂನಿನ ಮೊಟ್ಟಮೊದಲ ಕಾರಣ. ದೊಡ್ಡಜ್ಜ ಕಾಣೆಯಾಗುವಾಗ ಆ ಕಾನೂನು ಜಾರಿಗೆ ಬಂದು ಮೂರು ವರ್ಷವಾಗಿತ್ತು. ನಮ್ಮ ಊರಿಗೆ ಅದರ ಸುದ್ದಿ ತಲಪಿದ್ದು ಯಾವಾಗಲೋ.

ಉಳಿದ ಜಾಲತಾಣಗಳ ಬಗ್ಗೆ ಕೇಳುವವರಿಗಾಗಿ ಸ್ವಲ್ಪ ಹೇಳುತ್ತೇನೆ. ಎಲ್ಲಕ್ಕಿಂತ ಮೊದಲು, ನಿಮ್ಮ ಊರು ಹಿಂದೆ ಯಾರ ಆಡಳಿತದಲ್ಲಿತ್ತು ಎಂದು ತಿಳಿಯಿರಿ. ದಕ್ಷಿಣ ಕನ್ನಡ 1956ರ ತನಕ ಮದರಾಸಿನಲ್ಲಿತ್ತು, ಹಾಗಾಗಿ ಹಳೆಯ ದಾಖಲೆಗಳನ್ನು ಹುಡುಕುವವರು ಚೆನ್ನೈಯ ಪತ್ರಾಗಾರವನ್ನೂ ನೆನಪಿಡಬೇಕು. ಭಟ್ಕಳ, ಹೊನ್ನಾವರ ಇರುವ ಉತ್ತರ ಕನ್ನಡ 1862ರಲ್ಲಿ ಬೊಂಬಾಯಿಗೆ ಸೇರಿತು. ಗುಲ್ಬರ್ಗಾ, ಬೀದರ್, ರಾಯಚೂರಿನವರದ್ದು ನಿಜಾಮರ ಹೈದರಾಬಾದು. ಅಲ್ಲಿ ಉರ್ದು, ಫಾರ್ಸಿ ಓದಲು ಬರುವವರಿಗೆ ಕೆಲಸ ಹಗುರ. ಮೈಸೂರಿನವರದ್ದು ಬೇರೆ, ಕೊಡಗಿನವರದ್ದು ಬೇರೆ. ಇದು ಗೊತ್ತಿಲ್ಲದೆ ಹುಡುಕುವುದೆಂದರೆ ಮಂಗಳೂರಿನ ಕಾಗದವನ್ನು ಧಾರವಾಡದ ಅಂಚೆ ಕಚೇರಿಯಲ್ಲಿ ಕೇಳಿದ ಹಾಗೆ.

ದೆಹಲಿಯ ರಾಷ್ಟ್ರೀಯ ಪತ್ರಾಗಾರದ 'ಅಭಿಲೇಖ್ ಪಟಲ್' ಎಂಬ ಜಾಲತಾಣ 2015ರಲ್ಲಿ ಆರಂಭವಾಯಿತು. ಸರಕಾರದ ಹಳೆಯ ಕಡತಗಳ ಸೂಚಿಯನ್ನು ಅದರಲ್ಲಿ ಹುಡುಕಬಹುದು, ಅನೇಕ ಕಡತಗಳನ್ನು ಓದಲೂಬಹುದು. ಸಾಮಾನ್ಯ ಮನುಷ್ಯರ ಹೆಸರು ಸಿಗುವುದು ಅಪರೂಪ. ಆದರೆ ನಿಮ್ಮವರು ಸರಕಾರಿ ನೌಕರಿಯಲ್ಲಿದ್ದರೆ, ಚಳವಳಿಯಲ್ಲಿ ಜೈಲಿಗೆ ಹೋಗಿದ್ದರೆ, ಅರ್ಜಿ ಹಾಕಿ ಜಗಳವಾಡಿದ್ದರೆ ನೋಡಿ. ಅರ್ಜಿ ಹಾಕಿದವರ ಹೆಸರು ಕಡತದಲ್ಲಿ ಉಳಿಯುವ ಸಂಭವ ಹೆಚ್ಚು.

ಅಜ್ಜ ಗಲ್ಫಿಗೆ, ಅದಕ್ಕೂ ಹಿಂದೆ ಬಸ್ರಾಕ್ಕೋ ಬಹರೈನಿಗೋ ಹೋಗಿದ್ದವರಿಗೆ 'ಖತರ್ ಡಿಜಿಟಲ್ ಲೈಬ್ರರಿ' ಇದೆ. ಕತಾರ್ ಮತ್ತು ಬ್ರಿಟಿಷ್ ಲೈಬ್ರರಿ ಸೇರಿ 2014ರಲ್ಲಿ ಆರಂಭಿಸಿದ ಇದರಲ್ಲಿ ಕೊಲ್ಲಿಯ ಬಗೆಗಿನ ಹಳೆಯ ಇಂಡಿಯಾ ಆಫೀಸಿನ ಕಡತಗಳ ಲಕ್ಷಾಂತರ ಪುಟಗಳು ಉಚಿತವಾಗಿವೆ. ಹಜ್ಜಿಗೆ ಹೋಗುತ್ತಿದ್ದವರ ಹಡಗು, ಕ್ವಾರಂಟೈನ್ ಮೊದಲಾದ ವಿಷಯದ ಕಾಗದಗಳೂ ಇವೆ. ಜಾಲತಾಣ ಅರಬಿಯಲ್ಲೂ ಇರುವುದು ಮದ್ರಸ ಕಲಿತ ನಮ್ಮಂಥವರಿಗೆ ಖುಷಿಯ ಸಂಗತಿ. ಇಂಗ್ಲಿಷ್ ಹೆದರಿಸಿದಲ್ಲಿ ಅರಬಿ ಕೈ ಹಿಡಿಯುತ್ತದೆ.

ಎಲ್ಲರೂ ಹೇಳುವ ಫ್ಯಾಮಿಲಿಸರ್ಚ್ ಅಮೆರಿಕದ ಮಾರ್ಮನ್ ಚರ್ಚಿನವರದ್ದು. ಉಚಿತ, ವಂಶವೃಕ್ಷ ಬರೆದಿಡಲು ಅನುಕೂಲವಿದೆ. ಹರಿದ್ವಾರದ ಪಂಡರ ಬಹಿಗಳ ಚಿತ್ರಗಳು ಅಲ್ಲಿರುವುದರಿಂದ ಹಿಂದೂ ಸಹೋದರಿಯರಿಗೆ ಉಪಯೋಗವಾಗಬಹುದು. ನಮಗೆ ಹೆಚ್ಚೇನೂ ಸಿಗಲಿಲ್ಲ. ಹಣ ಕಟ್ಟಿ ಸೇರುವ ತಾಣಗಳಿಗೆ ಇಲ್ಲಿಯ ಮುಸ್ಲಿಮ್ ಕುಟುಂಬದವರು ಆತುರಪಟ್ಟು ದುಡ್ಡು ಹಾಕಬೇಡಿ. ಅವುಗಳಲ್ಲಿ ತುಂಬಿರುವುದು ಯುರೋಪು, ಅಮೆರಿಕದವರ ಕಾಗದ. ಇಂಟರ್ನೆಟ್ ಆರ್ಕೈವ್‌ನಲ್ಲಿ ಸ್ಟರಕ್ ಎಂಬ ಅಧಿಕಾರಿ 1894ರಲ್ಲಿ ಹೊರತಂದ ದಕ್ಷಿಣ ಕನ್ನಡದ ಮ್ಯಾನ್ಯುವಲ್, ಥರ್ಸ್ಟನ್ 1909ರಲ್ಲಿ ಪ್ರಕಟಿಸಿದ ಏಳು ಸಂಪುಟಗಳು ಎಲ್ಲ ಓದಲು ಸಿಗುತ್ತವೆ. ಊರು, ಬೆಳೆ, ಕಂದಾಯದ ಬಗ್ಗೆ ತಿಳಿಯಲು ಒಳ್ಳೆಯದು. ಆದರೆ ಅವರು ಜನರನ್ನು ಮೂಗಿನ ಅಳತೆಯಿಂದ ನೋಡಿದವರು, ನಮ್ಮ ಅಜ್ಜಿಯಂದಿರು ಅವರಿಗೆ ಕಾಣಿಸಲೇ ಇಲ್ಲ.

ಇಷ್ಟೆಲ್ಲ ದೂರ ಹೋಗುವ ಮೊದಲು ನಮ್ಮ ಸರಕಾರದ ತಾಣಗಳನ್ನೇ ನೋಡಬಹುದು. 2000ದ ಹೊತ್ತಿಗೆ ಆರಂಭವಾದ 'ಭೂಮಿ' ಯೋಜನೆಯಿಂದಾಗಿ ಆರ್‌ಟಿಸಿ ಈಗ ಮನೆಯಲ್ಲೇ ಕೂತು ಕಾಣಬಹುದು. ಮ್ಯುಟೇಶನ್‌ನ ಹಿಂದೆ ಹೋದರೆ ಯಾರಿಂದ ಯಾರಿಗೆ ಜಾಗ ಬಂತೆಂದು ತಿಳಿಯುತ್ತದೆ. ಹಳೆಯ ಭೂದಾಖಲೆಗಳನ್ನು ಸ್ಕ್ಯಾನ್ ಮಾಡುವ 'ಭೂ ಸುರಕ್ಷಾ' ಕೆಲಸ 2024ರಲ್ಲಿ ಶುರುವಾಗಿದೆ. 1974ರ ಭೂಸುಧಾರಣೆಯಲ್ಲಿ ನಿಮ್ಮವರು ಡಿಕ್ಲರೇಷನ್ ಕೊಟ್ಟಿದ್ದರೆ ಆ ನಮೂನೆ ಏಳು ಮತ್ತು ಭೂನ್ಯಾಯ ಮಂಡಳಿಯ ತೀರ್ಪಿನ ನಕಲು ಕೇಳಿ ಪಡೆಯಿರಿ. ಗೇಣಿದಾರ ತೀರಿಕೊಂಡಿದ್ದಲ್ಲಿ ವಾರಸುದಾರರ ಹೆಸರು, ಹೆಣ್ಣು ಮಕ್ಕಳದ್ದು ಕೂಡ, ಅದರಲ್ಲಿ ಸಿಗುವುದುಂಟು. 2002ರ ಮತದಾರರ ಪಟ್ಟಿಯನ್ನು ರಾಜ್ಯದ ಮುಖ್ಯ ಚುನಾವಣಾಧಿಕಾರಿಗಳ ಜಾಲತಾಣದಲ್ಲಿ ಹಾಕಿದ್ದಾರೆ. ಅಜ್ಜಿ ಆಗ ಬದುಕಿದ್ದರೆ ಅವರ ಹೆಸರು, ಗಂಡನ ಹೆಸರು, ವಯಸ್ಸು, ಮನೆ ನಂಬ್ರ ಎಲ್ಲ ಒಂದೇ ಸಾಲಿನಲ್ಲಿ ಸಿಗುತ್ತದೆ. ಅದನ್ನು ಇಳಿಸಿಕೊಂಡು ಇಟ್ಟುಕೊಳ್ಳಿ, ಈ ಕಾಲದಲ್ಲಿ ಬೇರೆ ಕಾರಣಕ್ಕೂ ಬೇಕಾಗಬಹುದು.

ಎಚ್ಚರಿಕೆಯ ಒಂದು ಮಾತಿದೆ. ಯಾರದೋ ವಂಶವೃಕ್ಷಕ್ಕೆ ನಮ್ಮ ಕೊಂಬೆಯನ್ನು ಅಂಟಿಸಿ ಅರೇಬಿಯದ ದೊಡ್ಡ ಮನೆತನದ ತನಕ ಏರಿಸಿಕೊಡುವ ತಾಣಗಳಿವೆ. ಗೊತ್ತಿದ್ದೂ ತಂದೆಯಲ್ಲದವನನ್ನು ತಂದೆಯೆಂದು ಹೇಳಿಕೊಳ್ಳುವವನ ಬಗ್ಗೆ ಪ್ರವಾದಿ(ಸ)ರು ಎಷ್ಟು ಕಠಿಣವಾಗಿ ಎಚ್ಚರಿಸಿದ್ದಾರೆಂದು ನಿಮಗೆ ಗೊತ್ತು. ನನ್ನ ಸಂಬಂಧಿಕ ಹುಡುಗನೊಬ್ಬ ಇಂಥ ಒಂದು ಪಟ್ಟಿಯನ್ನು ಚೌಕಟ್ಟು ಹಾಕಿಸಿ ಗೋಡೆಗೆ ತೂಗಿಸಿದ್ದ. ನಾಲ್ಕನೆಯ ಹೆಸರಿಗೆ ಸನದ್ ಕೇಳಿದೆ, ಈಗ ಗೋಡೆಯಲ್ಲಿ ಗಡಿಯಾರವಿದೆ. ಬದುಕಿರುವವರ ಹುಟ್ಟಿದ ದಿನ, ಆಧಾರ್ ಸಂಖ್ಯೆ, ಹೆಣ್ಣು ಮಕ್ಕಳ ಫೋಟೋಗಳನ್ನು ಇಂಥ ತಾಣಗಳಿಗೆ ಹಾಕಲೇಬೇಡಿ. ಉಗುಳು ತೆಗೆದು ಪರೀಕ್ಷಿಸಿ ವಂಶ ಹೇಳುತ್ತೇವೆ ಎನ್ನುವವರಿಗೂ ಅವಸರದಲ್ಲಿ ಏನನ್ನೂ ಕೊಡಬೇಡಿ. ಒಮ್ಮೆ ಕೊಟ್ಟದ್ದು ನಮ್ಮ ಕೈಯಲ್ಲಿ ಉಳಿಯುವುದಿಲ್ಲ, ನಮ್ಮ ಮಕ್ಕಳದ್ದೂ ಜೊತೆಗೆ ಹೋಗುತ್ತದೆ.

ಮುಖ್ಯವಾಗಿ, ಮನೆಯ ಹಿರಿಯ ಹೆಂಗಸರ ಮಾತನ್ನು ಮೊಬೈಲಿನಲ್ಲಿ ರೆಕಾರ್ಡ್ ಮಾಡಿಕೊಳ್ಳಿ. ಅವರು ಇಸವಿ ಹೇಳುವುದಿಲ್ಲ. ದೊಡ್ಡ ನೆರೆ ಬಂದ ವರ್ಷ, ಅಕ್ಕಿಗೆ ಕಾರ್ಡು ಬಂದ ವರ್ಷ ಎನ್ನುತ್ತಾರೆ. ಅದನ್ನು ತಿದ್ದದೆ ಹಾಗೆಯೇ ಬರೆದುಕೊಂಡು ಇಸವಿಯನ್ನು ಆಮೇಲೆ ಹುಡುಕಬೇಕು. ಯಾರು, ಯಾವ ದಿನ, ಯಾರಿಂದ ಕೇಳಿ ಹೇಳಿದರು ಎಂಬುದನ್ನೂ ಕೆಳಗೆ ಬರೆಯಿರಿ.

ದೊಡ್ಡಮ್ಮನ ಮುಂದೆ ಎರಡೂ ಹೆಸರುಗಳನ್ನು ಇಟ್ಟೆ. ಇವರಲ್ಲಿ ಯಾರೆಂದು ನನಗೆ ಹೇಳಲಾಗುವುದಿಲ್ಲ ಎಂದು ಮೊದಲೇ ಹೇಳಿದ್ದೆ. ಅವರು ಹಡಗುಗಳ ಹೆಸರನ್ನು ಎರಡೆರಡು ಸಲ ಓದಿಸಿದರು. "ಇಬ್ಬರಿಗೂ ಯಾಸೀನ್ ಓದಿದರೆ ಆಯಿತಲ್ಲ, ಒಬ್ಬರು ನನ್ನ ಬಾಪ ಆದರೂ ಆಗಬಹುದು, ಮತ್ತೊಬ್ಬರಿಗೂ ಮಕ್ಕಳಿದ್ದಿರಬಹುದು" ಎಂದರು. ಜಾಗದ ವಿಷಯ ಎತ್ತಿದಾಗ, "ಈಗ ನನಗೆ ಯಾಕೆ, ನನ್ನ ಮಗಳನ್ನು ಕೇಳು" ಎಂದು ಬಾಯಿಗೆ ಎಲೆ ಹಾಕಿಕೊಂಡರು. ಮಗಳು ಬಾಡಿಗೆ ಮನೆಯಲ್ಲಿದ್ದಾರೆ, ಕೇಳಬೇಕಾದ್ದೇ.

ಕಳೆದ ರಮಝಾನಿನ ನಂತರ ಮಾವಂದಿರು ಮೂರು ಸಲ ಕೂತು ಮಾತನಾಡಿದ್ದಾರೆ. ಉಳಿದಿರುವ ಜಾಗದಲ್ಲಿ ರಸ್ತೆ ಬದಿಯ ತುಂಡನ್ನು ದೊಡ್ಡಮ್ಮನ ಮಗಳಿಗೆ ಹಿಬಾ ಮಾಡಿ ಬರೆದುಕೊಡುವ ಮಾತು ನಡೆಯುತ್ತಿದೆ. ಹಿರಿಯ ಮಾವನ ಮಗ, ದುಬೈಯಲ್ಲಿರುವವನು, ಅದಕ್ಕೆ ಹಿಬಾ ಎನ್ನಬಾರದು, ಹಕ್ಕು ಎಂದು ಬರೆಯಬೇಕು ಎಂದು ಫೋನಿನಲ್ಲಿ ವಾದಿಸುತ್ತಿದ್ದಾನೆ. ಕಾನೂನಿಗೆ ಯಾವ ಪದ ಹೊಂದುತ್ತದೆಂದು ವಕೀಲರನ್ನು ಕೇಳಬೇಕಾಗಿದೆ. ನಾನು ಮುಂದಿನ ರಜೆಯಲ್ಲಿ ಮುಂಬೈಗೆ ಹೋಗಿ ನಾವಿಕರ ಆ ಪುಸ್ತಕವನ್ನು ಕಣ್ಣಾರೆ ನೋಡಬೇಕೆಂದಿದ್ದೇನೆ, ಇನ್‌ಶಾ ಅಲ್ಲಾಹ್. ದೊಡ್ಡಮ್ಮನ ಮೊಮ್ಮಗಳು ತಾನೂ ಬರುತ್ತೇನೆಂದು ಈಗಲೇ ರೈಲಿನ ಟಿಕೆಟ್ ನೋಡುತ್ತಿದ್ದಾಳೆ.